ಲಡ್ಡು ಲಿಂಗಂನಿಂದ ಡಾಕ್ಟರ್ ಅನಿತಾವರೆಗೆ: ಆರೋಗ್ಯ ಪ್ರಚಾರದಲ್ಲಿ ಕ್ರಿಯೇಟಿವ್ ಡೈರೆಕ್ಟರ್ ಮಾಡುವ ಕೆಲಸ

ಕೋಲಾರದ ಗಡಿ ದಾಟಿದರೆ ಸಿಗುವ ಆಂಧ್ರದ ಚಿತ್ತೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ 2011-12ರ ಹೊತ್ತಿಗೆ ಲಡ್ಡು ಲಿಂಗಂ ಎಂಬ ಪಾತ್ರವೊಂದು ಕಾಣಿಸಿಕೊಂಡಿತು. ಕೈ ತೊಳೆಯುವ ಅಭ್ಯಾಸವೇ ಇಲ್ಲದ, ಅದೇ ಕೈಯಲ್ಲಿ ಲಡ್ಡು ಕಟ್ಟುವ ಕೊಳಕ ಮನುಷ್ಯ ಅವನು. ಅವನ ಎದುರಿಗೆ ಇನ್ನೊಂದು ಪಾತ್ರ, ಸೂಪರ್ ಅಮ್ಮ. ಮಗನಿಗೆ ಒಳ್ಳೆಯ ನಡವಳಿಕೆ ಕಲಿಸುವ, ಊರವರು ಮೆಚ್ಚುವ ತಾಯಿ. ಒಂದು ಆ್ಯನಿಮೇಷನ್ ಚಿತ್ರ, ಒಂದಷ್ಟು ಕಿರುಪ್ರಹಸನ, ಊರವರ ಎದುರಿನಲ್ಲಿ ತಾಯಂದಿರು ಮಾಡುವ ಪ್ರತಿಜ್ಞೆ, ಶಾಲೆಯಲ್ಲಿ ಮಕ್ಕಳೊಂದಿಗೆ ಕಾರ್ಯಕ್ರಮ. ಕೈ ತೊಳೆಯುವ ಅಭ್ಯಾಸ ಬೆಳೆಸಲು ನಡೆದ ಆ ಪ್ರಚಾರದ ಸಾಮಗ್ರಿ ಇಷ್ಟೇ.

ಗಮನಿಸಬೇಕಾದ ಸಂಗತಿಯೆಂದರೆ ಇದರಲ್ಲಿ ರೋಗಾಣುಗಳ ಪಾಠ ಮುಂದಿರಲಿಲ್ಲ. ಕೈ ತೊಳೆಯಬೇಕು ಎನ್ನುವುದು ಬಹುತೇಕ ಎಲ್ಲರಿಗೂ ಗೊತ್ತಿದೆ. ನಮ್ಮ ಹಳ್ಳಿಗಳ ಬಹುಪಾಲು ಮನೆಗಳಲ್ಲಿ ಸೋಪೂ ಇದೆ. ಅದು ಸ್ನಾನಕ್ಕೆ, ಬಟ್ಟೆಗೆ ಖರ್ಚಾಗುತ್ತದೆ. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಯಾರೂ ಬದಲಾಗುವುದಿಲ್ಲ. ಅದಕ್ಕಾಗಿ ಪ್ರಚಾರ ರೂಪಿಸಿದ ತಂಡ ಬೇರೆ ಮೂರು ಭಾವನೆಗಳನ್ನು ಹಿಡಿಯಿತು: ಹೇಸಿಗೆ, ಮಗುವನ್ನು ಚೆನ್ನಾಗಿ ಬೆಳೆಸಬೇಕೆಂಬ ತಾಯಿಯ ಹಂಬಲ, ಮತ್ತು 'ಊರವರೆಲ್ಲ ಮಾಡುತ್ತಾರೆ, ನಾನೂ ಮಾಡಬೇಕು' ಎಂಬ ಒತ್ತಡ.

ಪರಿಣಾಮವನ್ನು ಅಳೆದ ಬಗೆಯೂ ಗಟ್ಟಿಯಾಗಿತ್ತು. 14 ಹಳ್ಳಿಗಳನ್ನು ಆಯ್ದು ಏಳರಲ್ಲಿ ಪ್ರಚಾರ ಮಾಡಿ, ಏಳನ್ನು ಹಾಗೆಯೇ ಬಿಟ್ಟರು. ನೀವು ಕೈ ತೊಳೆಯುತ್ತೀರಾ ಎಂದು ಕೇಳಿ ಬರೆದುಕೊಳ್ಳಲಿಲ್ಲ; ಮನೆಗಳಲ್ಲಿ ಕುಳಿತು, ಏನು ನಡೆಯುತ್ತದೆ ಎಂದು ನೋಡಿ ಬರೆದುಕೊಂಡರು. ಆರಂಭದಲ್ಲಿ ಮುಖ್ಯ ಸಂದರ್ಭಗಳಲ್ಲಿ, ಅಂದರೆ ಶೌಚದ ನಂತರ, ಊಟಕ್ಕೆ ಮುಂಚೆ, ಸೋಪಿನಿಂದ ಕೈ ತೊಳೆಯುತ್ತಿದ್ದದ್ದು ಶೇ. 1 ಅಥವಾ 2ರಷ್ಟು ಬಾರಿ. ಆರು ವಾರಗಳ ನಂತರ ಪ್ರಚಾರ ನಡೆದ ಹಳ್ಳಿಗಳಲ್ಲಿ ಶೇ. 19, ನಡೆಯದ ಹಳ್ಳಿಗಳಲ್ಲಿ ಶೇ. 4. ಆರು ತಿಂಗಳಿಗೆ ಶೇ. 37 ಮತ್ತು ಶೇ. 6. ಆಮೇಲೆ ಉಳಿದ ಏಳು ಹಳ್ಳಿಗಳಿಗೂ ಪ್ರಚಾರದ ಚಿಕ್ಕ ರೂಪವನ್ನು ಒಯ್ದರು. ವರ್ಷದ ಕೊನೆಗೆ ಎರಡೂ ಕಡೆ ಶೇ. 29ಕ್ಕೆ ಬಂದು ನಿಂತಿತು. 2014ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್‌ನ ವಿಜ್ಞಾನಿಗಳ ಜೊತೆಗೆ ದುಡಿದವರು ನಮ್ಮ ಬೆಂಗಳೂರಿನವರು: ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಸೆಂಟರ್ ಆಫ್ ಗ್ರ್ಯಾವಿಟಿ ಎಂಬ ಕ್ರಿಯೇಟಿವ್ ಸಂಸ್ಥೆ. ಇಂಥ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ ಎಂಬುದು ಹೆಚ್ಚಿನ ಕನ್ನಡಿಗರಿಗೆ ತಿಳಿದಿಲ್ಲ, ಮತ್ತು ತಿಳಿಯಬೇಕು ಎಂಬುದು ನನ್ನ ಆಸೆ.

ಈ ಕ್ಷೇತ್ರಕ್ಕೆ ಸೋಷಿಯಲ್ ಮಾರ್ಕೆಟಿಂಗ್ ಎನ್ನುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸರಕು ಮಾರುವುದಕ್ಕೂ ಇದಕ್ಕೂ ಸಂಬಂಧವಿಲ್ಲ; ಸಾಮಾಜಿಕ ಜಾಲತಾಣಗಳು ಹುಟ್ಟುವುದಕ್ಕೆ ದಶಕಗಳ ಮೊದಲೇ ಈ ಹೆಸರಿತ್ತು. ಮಾರಾಟದ ವಿದ್ಯೆಯನ್ನು ಬಳಸಿ ಜನರ ನಡವಳಿಕೆಯನ್ನು ಅವರದೇ ಒಳಿತಿಗೆ ಬದಲಾಯಿಸುವುದು ಇದರ ಗುರಿ. 1950ರ ದಶಕದ ಆರಂಭದಲ್ಲಿ ಜಿ. ಡಿ. ವೀಬ್ ಎಂಬ ಅಮೆರಿಕದ ಸಂಶೋಧಕ ಒಂದು ಪ್ರಶ್ನೆ ಎತ್ತಿದ: ಸೋಪನ್ನು ಮಾರಿದಂತೆ ಸಹೋದರತ್ವವನ್ನು ಮಾರಲು ಏಕಾಗುವುದಿಲ್ಲ? ಆಗ ಅಮೆರಿಕದಲ್ಲಿ ನಡೆದಿದ್ದ ನಾಲ್ಕು ಪ್ರಚಾರಗಳನ್ನು ಪರಿಶೀಲಿಸಿ ಅವನು ಕಂಡುಕೊಂಡ ಉತ್ತರ ಇಂದಿಗೂ ಸತ್ಯ. ಮಾತು ಎಷ್ಟೇ ಮನ ಮುಟ್ಟಿದರೂ ಕೇಳಿದವನು ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಹೋದರೆ ಕೆಲಸ ಆಗುತ್ತದೆಯೇ ಎಂಬುದು ಸ್ಪಷ್ಟವಿಲ್ಲದಿದ್ದರೆ ಹುಮ್ಮಸ್ಸು ಅಲ್ಲಿಯೇ ಆರಿಹೋಗುತ್ತದೆ. ಈ ವಿದ್ಯೆಗೆ ಹೆಸರಿಟ್ಟು ಶಾಸ್ತ್ರದ ರೂಪ ಕೊಟ್ಟವರು ಫಿಲಿಪ್ ಕೋಟ್ಲರ್ ಮತ್ತು ಜೆರಾಲ್ಡ್ ಝಾಲ್ಟ್‌ಮನ್, 1971ರಲ್ಲಿ.

ಆದರೆ ಶಾಸ್ತ್ರ ಬರುವ ಮೊದಲೇ ಭಾರತದಲ್ಲಿ ಪ್ರಯೋಗ ನಡೆದಿತ್ತು. 1960ರ ದಶಕದಲ್ಲಿ ಕಲ್ಕತ್ತದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಒಂದು ಗುಂಪು, ಕಾಂಡೋಮನ್ನು ಆಸ್ಪತ್ರೆಯಿಂದ ಹೊರತಂದು ಬೀಡಿ, ಚಹಾ ಸಿಗುವ ಅಂಗಡಿಗಳಲ್ಲಿ ಮಾರಬೇಕು ಎಂದು ಸಲಹೆ ಕೊಟ್ಟಿತು. 1968ರಲ್ಲಿ 'ನಿರೋಧ್' ಬಂತು. ಮೂರರ ಪೊಟ್ಟಣಕ್ಕೆ 15 ಪೈಸೆ, ಉಳಿದ ವೆಚ್ಚ ಸರಕಾರದ್ದು. ಅಂಗಡಿಗಳಿಗೆ ತಲುಪಿಸುವ ಹೊಣೆಯನ್ನು ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್, ಇಂಪೀರಿಯಲ್ ಟೊಬ್ಯಾಕೊ, ಯೂನಿಯನ್ ಕಾರ್ಬೈಡ್, ಟಾಟಾ ಆಯಿಲ್ ಮಿಲ್ಸ್ ಎಂಬ ಆರು ಕಂಪನಿಗಳು ಹೊತ್ತವು. ಚಹಾಪುಡಿ ಹೊತ್ತ ವ್ಯಾನಿನಲ್ಲೇ ನಿರೋಧ್ ಹಳ್ಳಿಯ ಅಂಗಡಿ ತಲುಪಿತು. ದೇಶದ ಕಾಂಡೋಮ್ ತಯಾರಿಕೆಗೆಂದು ಕೇರಳದಲ್ಲಿ ಹುಟ್ಟಿದ ಹಿಂದೂಸ್ತಾನ್ ಲೇಟೆಕ್ಸ್ ಸಂಸ್ಥೆಯ ಒಂದು ಕಾರ್ಖಾನೆ ಇಂದು ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ.

ಅದೇ ಕಾಲದಲ್ಲಿ ಕೇಂದ್ರ ಆರೋಗ್ಯ ಇಲಾಖೆಯಲ್ಲಿ ದೀಪ್ ತ್ಯಾಗಿ ಎಂಬ ಅಧಿಕಾರಿ ಇದ್ದರು. ಕುಟುಂಬ ಯೋಜನೆಯ ಪ್ರಚಾರ ಅವರ ಹೊಣೆ. ತಲೆಕೆಳಗಾದ ಕೆಂಪು ತ್ರಿಕೋನ, ತಂದೆ ತಾಯಿ ಮತ್ತು ಎರಡು ಮಕ್ಕಳ ನಗುವ ಮುಖ, ಎರಡೋ ಮೂರೋ ಮಕ್ಕಳು ಸಾಕು ಎಂಬ ಚಿಕ್ಕ ವಾಕ್ಯ: ಇದು ಅವರ ತಂಡದ ಕೊಡುಗೆ. ತ್ರಿಕೋನವನ್ನೇ ಆರಿಸಿದ್ದರ ಹಿಂದೆ ಕ್ರಿಯೇಟಿವ್ ಡೈರೆಕ್ಟರನೊಬ್ಬನ ಲೆಕ್ಕಾಚಾರ ಪೂರ್ತಿ ಇದೆ. ಯಾವ ಹಳ್ಳಿಯ ಪೇಂಟರ್ ಬೇಕಾದರೂ ಗೋಡೆಯ ಮೇಲೆ ಬರೆಯಬಲ್ಲ, ಓದು ಬಾರದವರೂ ಗುರುತಿಸಬಲ್ಲ, ಆಸ್ಪತ್ರೆಯ ಗೋಡೆ, ಬಸ್ಸಿನ ಹಿಂಬದಿ, ಪೊಟ್ಟಣ ಎಲ್ಲ ಕಡೆಯೂ ಒಂದೇ ಆಕಾರದಲ್ಲಿ ಉಳಿಯಬಲ್ಲ ಗುರುತು ಅದು. ನಮ್ಮಲ್ಲಿ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತಿನ ಪಕ್ಕದಲ್ಲಿ ಆ ತ್ರಿಕೋನವನ್ನು ನೋಡಿ ಬೆಳೆದವರು ಎಷ್ಟೋ ಮಂದಿ. ತ್ಯಾಗಿಯವರು 1969ರಲ್ಲಿ ತೀರಿಕೊಂಡರು. ಹಲವು ದೇಶಗಳಲ್ಲಿ ಕಡಿಮೆ ದರದಲ್ಲಿ ಗರ್ಭನಿರೋಧಕಗಳನ್ನು ಮಾರುವ ಡಿಕೆಟಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಹೆಸರಿನಲ್ಲಿರುವ ಮೂರು ಅಕ್ಷರಗಳು ಅವರವೇ.

ಆ ತ್ರಿಕೋನಕ್ಕೆ ಮುಂದೆ ಒದಗಿದ ಗತಿಯನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸಂತಾನಹರಣ ಚಿಕಿತ್ಸೆಗೆ ಗುರಿ ನಿಗದಿಯಾಯಿತು, ಬಲವಂತ ನಡೆಯಿತು. ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ನಗುವ ಮುಖಗಳ ಚಿತ್ರ ಭಯದ ಗುರುತಾಯಿತು. 1977ರ ನಂತರ ಕಾರ್ಯಕ್ರಮದ ಹೆಸರನ್ನೇ 'ಕುಟುಂಬ ಕಲ್ಯಾಣ' ಎಂದು ಬದಲಿಸಬೇಕಾಯಿತು. ಸೋಷಿಯಲ್ ಮಾರ್ಕೆಟಿಂಗ್ ನಿಂತಿರುವುದೇ ಜನ ಒಪ್ಪಿ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ. ಬೇಡ ಎನ್ನುವ ಸ್ವಾತಂತ್ರ್ಯ ಹೋದ ದಿನ ಪೋಸ್ಟರು ಬರಿಯ ಆದೇಶಪತ್ರವಾಗುತ್ತದೆ.

ಹಾಗಾದರೆ ಕ್ರಿಯೇಟಿವ್ ಡೈರೆಕ್ಟರ್ ಇಲ್ಲಿ ಮಾಡುವುದೇನು? ಮಾಮೂಲಿ ಜಾಹೀರಾತು ಸಂಸ್ಥೆಯಲ್ಲಿ ಅವರು ಮಾತು ಬರೆಯುವ ಕಾಪಿರೈಟರ್ ಮತ್ತು ಚಿತ್ರ ರೂಪಿಸುವ ಆರ್ಟ್ ಡೈರೆಕ್ಟರ್‌ಗಳ ತಂಡದ ಮುಖ್ಯಸ್ಥರು. ಕಂಪನಿ ಕೊಟ್ಟ ಬ್ರೀಫನ್ನು, ಅಂದರೆ ಯಾರಿಗೆ ಏನು ಹೇಳಬೇಕೆಂಬ ಸೂಚನೆಯನ್ನು, ಒಂದು ಕಲ್ಪನೆಯಾಗಿ, ಚಿತ್ರವಾಗಿ, ಮಾತಾಗಿ ಮಾಡುವುದು ಅವರ ಕೆಲಸ. ಸರಕು, ಬೆಲೆ, ಅಂಗಡಿ ಇವೆಲ್ಲ ಬೇರೆಯವರು ನಿರ್ಧರಿಸಿ ಆಗಿರುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಹೀಗೆ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಇಲ್ಲಿ ಬೆಲೆ ಎಂದರೆ ಹಣವೊಂದೇ ಅಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ನಾಚಿಕೆ, ಅತ್ತೆಯ ಕೋಪ, ಸೂಜಿಯ ನೋವು ಎಲ್ಲವೂ ಬೆಲೆಯೇ. ಅಂಗಡಿ ಎಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆಯುವ ಹೊತ್ತು, ಅಲ್ಲಿನ ಸಿಬ್ಬಂದಿ ಮಾತಾಡಿಸುವ ರೀತಿ. ಇವುಗಳ ಬಗ್ಗೆ ಪ್ರಶ್ನೆ ಕೇಳದ ಕ್ರಿಯೇಟಿವ್ ಡೈರೆಕ್ಟರ್ ಈ ಕ್ಷೇತ್ರದಲ್ಲಿ ಹೆಚ್ಚು ದೂರ ಹೋಗಲಾರರು.

ಮಂಗನ ಕಾಯಿಲೆಯ ಲಸಿಕೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ಮಲೆನಾಡಿನಲ್ಲಿ ವರ್ಷಗಟ್ಟಲೆ ಲಸಿಕೆ ಕೊಟ್ಟರು. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೆ. ಚುಚ್ಚಿಸಿಕೊಂಡರೆ ವಿಪರೀತ ನೋವು. ಎರಡು ಡೋಸ್ ಪಡೆದವರಿಗೂ ರಕ್ಷಣೆ ಅರೆಬರೆ. ಜನ ಹಿಂಜರಿದರು. 'ಜಾಗೃತಿ ಇಲ್ಲ' ಎಂದು ಹಳ್ಳಿಗರನ್ನು ದೂರುವುದು ಸುಲಭವಾಗಿತ್ತು, ಆದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಸರಕು ದುರ್ಬಲವಾಗಿದ್ದಾಗ ಘೋಷಣೆ ಬರೆಯಲು ಒಪ್ಪುವ ಬದಲು ಅದನ್ನು ಮೇಜಿನ ಮೇಲಿಟ್ಟು ಹೇಳುವ ಧೈರ್ಯವೂ ಈ ವೃತ್ತಿಯ ಭಾಗ ಎಂದು ನಾನು ಬಲವಾಗಿ ನಂಬಿದ್ದೇನೆ.

ಇನ್ನು ಕಲ್ಪನೆ ಹುಟ್ಟುವ ಜಾಗ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 52. ಅವರಿಗೆ ಸರಕಾರ ಪುಕ್ಕಟೆಯಾಗಿ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ, 180 ದಿನ ದಿನಕ್ಕೊಂದು. ಆದರೂ ಅನೇಕರು ನುಂಗುವುದಿಲ್ಲ. ಕೋಲಾರದ ಕಡೆಯ ಒಂದು ಅಂಗನವಾಡಿಯಲ್ಲಿ ಈ ಕುರಿತ ಪೋಸ್ಟರುಗಳ ಕರಡನ್ನು ಹೆಂಗಸರಿಗೆ ತೋರಿಸುವಾಗ ನಾನು ಮೂಲೆಯಲ್ಲಿ ಕುಳಿತಿದ್ದೆ. ಪೋಸ್ಟರಿನಲ್ಲಿ ದಾಳಿಂಬೆ, ಸೊಪ್ಪು, ಕೆಂಪು ಮಾತ್ರೆ, ನಗುವ ತಾಯಿ. ಎಲ್ಲರೂ ಚೆನ್ನಾಗಿದೆ ಎಂದರು. ಸಭೆ ಮುಗಿದು ಚಹಾ ಬಂದ ಮೇಲೆ ಏಳು ತಿಂಗಳ ಗರ್ಭಿಣಿಯೊಬ್ಬಳು ಆಶಾ ಕಾರ್ಯಕರ್ತೆಯ ಕಡೆಗೆ ವಾಲಿ, 'ಅಕ್ಕಾ, ಅದನ್ನು ನುಂಗಿದ ದಿನ ಕಪ್ಪಗೆ ಹೋಗುತ್ತದೆ, ಒಳಗೆ ಏನೋ ಕೆಟ್ಟಿದೆ ಅಂತ ಭಯ. ನಮ್ಮತ್ತೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಆಗುತ್ತದೆ ಅಂತಾರೆ' ಎಂದಳು. ಮಾತ್ರೆಯ ಪಟ್ಟಿಗಳು ಮನೆಯಲ್ಲಿ ಅಟ್ಟದ ಮೇಲಿನ ಡಬ್ಬಿಯಲ್ಲಿದ್ದವು.

ಆ ಎರಡು ವಾಕ್ಯಗಳಲ್ಲಿ ಇಡೀ ಬ್ರೀಫ್ ಇದೆ. ಮಲ ಕಪ್ಪಾಗುವುದು ಸಹಜ, ಅಪಾಯವಲ್ಲ ಎಂದು ಮೊದಲೇ ಹೇಳಬೇಕು. ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ ಎಂದು ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಾತಾಡಬೇಕಾದದ್ದು ಅತ್ತೆಯೊಂದಿಗೆ. ದಾಳಿಂಬೆಯ ಚಿತ್ರ ಎಷ್ಟು ಅಂದವಾಗಿ ಬಂದರೂ ಅದು ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಸಭೆಯಲ್ಲಿ ಬರುವ ಹೊಗಳಿಕೆಯನ್ನು ನಂಬದೆ ಚಹಾದ ಹೊತ್ತಿಗೆ ಕಿವಿ ತೆರೆದಿಡುವುದನ್ನು ಈ ಕೆಲಸ ಕಲಿಸುತ್ತದೆ.

ಈ ದಾರಿಯಲ್ಲಿ ದೀರ್ಘಕಾಲ ನಡೆದವರಲ್ಲಿ ರಾಧಾರಾಣಿ ಮಿತ್ರ ಒಬ್ಬರು. ವಾಣಿಜ್ಯ ಜಾಹೀರಾತಿನಲ್ಲಿ ಪಳಗಿದ ನಂತರ ಬಿಬಿಸಿ ವರ್ಲ್ಡ್ ಸರ್ವೀಸ್ ಟ್ರಸ್ಟ್‌ಗೆ, ಅಂದರೆ ಇಂದಿನ ಬಿಬಿಸಿ ಮೀಡಿಯಾ ಆ್ಯಕ್ಷನ್‌ಗೆ ಕ್ರಿಯೇಟಿವ್ ಡೈರೆಕ್ಟರ್ ಆಗಿ ಬಂದರು. ಎಚ್‌ಐವಿ ಹೆಚ್ಚಿದ್ದ ಕರ್ನಾಟಕ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳ ಗಂಡಸರಿಗಾಗಿ ಅವರ ತಂಡ ಕೈಗೊಂಡ ಪ್ರಚಾರದ ತಿರುಳು ಇಷ್ಟು: ಕಾಂಡೋಮಿನ ಬಗ್ಗೆ ಮಾಹಿತಿಯ ಕೊರತೆಯಿಲ್ಲ, ಅದರ ಹೆಸರೆತ್ತಲು ನಾಚಿಕೆ, ಬಳಸುವವನನ್ನು ನಡತೆಗೆಟ್ಟವನೆಂದು ನೋಡುತ್ತಾರೆ. ಆದ್ದರಿಂದ ಮೊದಲು ಆ ಪದವನ್ನು ಬಾಯಿಗೆ ತರಬೇಕು. ಒಂದು ಜಾಹೀರಾತಿನಲ್ಲಿ ಕಬಡ್ಡಿ ಆಟಗಾರ 'ಕಬಡ್ಡಿ ಕಬಡ್ಡಿ' ಎನ್ನುವ ಬದಲು 'ಕಾಂಡೋಮ್ ಕಾಂಡೋಮ್' ಎನ್ನುತ್ತಾನೆ. ಇನ್ನೊಂದರಲ್ಲಿ ನಾಯಿಮರಿಗೆ ಅದೇ ಹೆಸರು. ಮತ್ತೊಂದರಲ್ಲಿ ಗಿಳಿ ಅದನ್ನೇ ನುಡಿಯುತ್ತದೆ. 2008ರ ಆಗಸ್ಟ್‌ನಲ್ಲಿ ಬಂದದ್ದು ವಾದ್ಯಗಳಿಲ್ಲದೆ ಬಾಯಲ್ಲೇ ಹಾಡಿದ 'ಕಾಂಡೋಮ್ ಕಾಂಡೋಮ್' ರಿಂಗ್‌ಟೋನ್. ಮದುವೆ ಮನೆಯಲ್ಲಿ ಒಬ್ಬನ ಮೊಬೈಲ್ ಹಾಗೆ ಹಾಡಿ ಅವನು ಮುಜುಗರಪಡುತ್ತಾನೆ. ಸುತ್ತಲಿನವರು ಅವನನ್ನು ಜಾಣನೆಂದು ಮೆಚ್ಚುತ್ತಾರೆ. ಎಲ್ಲ ಜಾಹೀರಾತುಗಳಲ್ಲೂ ಜಾಣತನ ಆ ಪದವನ್ನು ಹೇಳಿದವನದೇ. ರಿಂಗ್‌ಟೋನನ್ನು ಜನ ತಾವಾಗಿಯೇ ಇಳಿಸಿಕೊಂಡು, ಬಸ್ಸಿನಲ್ಲಿ, ಕಚೇರಿಯಲ್ಲಿ ಇತರರಿಗೆ ಕೇಳಿಸಿದರು. ಅಂದರೆ ಪ್ರಚಾರವನ್ನು ಹೊತ್ತು ತಿರುಗಿದವರು ಜನರೇ. ನನ್ನ ಕಣ್ಣಿಗೆ ಇದು ಈ ದೇಶದ ಅತ್ಯುತ್ತಮ ಆರೋಗ್ಯ ಪ್ರಚಾರಗಳಲ್ಲಿ ಒಂದು.

ಚುರುಕಾದ ಕಲ್ಪನೆಯೇ ಗಾಯ ಮಾಡುವುದೂ ಉಂಟು. 2002-03ರಲ್ಲಿ ಪಾಪ್ಯುಲೇಷನ್ ಸರ್ವೀಸಸ್ ಇಂಟರ್‌ನ್ಯಾಷನಲ್ ಸಂಸ್ಥೆ ಮುಂಬೈಯಲ್ಲಿ ನಡೆಸಿದ 'ಬಲಬೀರ್ ಪಾಶಾಗೆ ಏಡ್ಸ್ ಬರುತ್ತದೆಯೇ' ಎಂಬ ಪ್ರಚಾರ ಊರ ತುಂಬ ಮಾತಾಯಿತು, ಸಹಾಯವಾಣಿಗೆ ಕರೆಗಳು ಹೆಚ್ಚಿದವು. ಆದರೆ ಅದರಲ್ಲಿ ಬಲಬೀರ್‌ನಿಗೆ ಅಪಾಯ ತರುವವಳಾಗಿ ಬಂದದ್ದು ಮಂಜುಳಾ ಎಂಬ ಲೈಂಗಿಕ ಕಾರ್ಯಕರ್ತೆಯ ಪಾತ್ರ. ಮಹಿಳಾ ಸಂಘಟನೆಗಳು ಆಕ್ಷೇಪಿಸಿದವು. ಆಕ್ಷೇಪ ನ್ಯಾಯವಾಗಿತ್ತು: ಅವಳಿಗೆ ಸೋಂಕು ತಂದವನು ಯಾರು ಎಂದು ಯಾವ ಹೋರ್ಡಿಂಗೂ ಕೇಳಲಿಲ್ಲ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿಯಂಥ ಸಂಘಟನೆಗಳು ಎಚ್‌ಐವಿ ತಡೆಯಲ್ಲಿ ಮಾಡಿದ ಕೆಲಸ ನೋಡಿದರೆ, ಅವರನ್ನು ಪೋಸ್ಟರಿನ ವಿಷಯವಾಗಿಸುವುದಕ್ಕಿಂತ ಪೋಸ್ಟರ್ ಮಾಡುವ ಮೇಜಿನ ಬಳಿ ಕೂರಿಸುವುದು ಎಷ್ಟು ಮುಖ್ಯ ಎಂದು ಅರಿವಾಗುತ್ತದೆ.

ಪಲ್ಸ್ ಪೋಲಿಯೊ ಕಥೆ ಎಲ್ಲರಿಗೂ ಗೊತ್ತು. ಒಗಿಲ್ವಿ ಜಾಹೀರಾತು ಸಂಸ್ಥೆಯ ಪೀಯೂಷ್ ಪಾಂಡೆ ಮತ್ತು ಅಮಿತಾಭ್ ಬಚ್ಚನ್, ಎರಡು ಹನಿಗಳ ಆ ಜಾಹೀರಾತು. ಮೃದುವಾಗಿ ಹೇಳಿದ್ದು ಸಾಲದೆ ಅಮಿತಾಭ್ ಸಿಟ್ಟಿನಿಂದ ಗದರುವ ಜಾಹೀರಾತು ಬಂದ ಮೇಲೆ ತಾಯಂದಿರು ಬೂತಿಗೆ ಬಂದರೆಂದು ಅಮಿತಾಭ್ ಅವರೇ ಹೇಳಿಕೊಂಡಿದ್ದಾರೆ. ಅದು ನಿಜವಿರಬಹುದು. ಆದರೆ ದೇಶದಲ್ಲಿ 2002ರಲ್ಲಿ 1,600 ಪ್ರಕರಣಗಳಿದ್ದವು, 2009ರಲ್ಲಿಯೂ 741 ಇದ್ದವು. 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡದ್ದು ಕೊನೆಯದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಆ ನಡುವಿನ ವರ್ಷಗಳಲ್ಲಿ ಉತ್ತರಪ್ರದೇಶ, ಬಿಹಾರಗಳಲ್ಲಿ ಬಾಗಿಲು ಮುಚ್ಚಿದ ಮನೆಗಳಿಗೆ ಮತ್ತೆ ಮತ್ತೆ ಹೋದವರು ಅದೇ ಮೊಹಲ್ಲಾದ ಹೆಂಗಸರು, ಮಸೀದಿಯಿಂದ ಕರೆ ಕೊಟ್ಟ ಮೌಲ್ವಿಗಳು, ಐಸ್ ಪೆಟ್ಟಿಗೆ ಹೊತ್ತ ಕಾರ್ಯಕರ್ತರು. ದೊಡ್ಡ ಮುಖದ ಜಾಹೀರಾತು ಅವರಿಗೆ ಬಾಗಿಲು ತಟ್ಟುವ ಧೈರ್ಯ ಕೊಟ್ಟಿತು. ಅದು ಸಣ್ಣ ಕೆಲಸವಲ್ಲ. ಆದರೆ ಪ್ರಶಸ್ತಿ ಸಮಾರಂಭದಲ್ಲಿ ಯಾರ ಹೆಸರು ಬರುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಭಯದ ಬಗ್ಗೆ ಒಂದು ಮಾತು. ಹೆದರಿಸಿದರೆ ಜನ ಬದಲಾಗುತ್ತಾರೆ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ತಪ್ಪಿಸಿಕೊಳ್ಳುವ ದಾರಿ ತನ್ನ ಕೈಯಲ್ಲಿದೆ ಎಂಬ ಭರವಸೆ ಇದ್ದಾಗ ಮಾತ್ರ ಭಯ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಮನುಷ್ಯ ಮುಖ ತಿರುಗಿಸುತ್ತಾನೆ. 2018ರಿಂದ ತಂಬಾಕು ಪೊಟ್ಟಣಗಳ ಮೇಲೆ ಭೀಕರ ಚಿತ್ರದ ಜೊತೆಗೆ ಚಟ ಬಿಡಿಸುವ ಸಹಾಯವಾಣಿಯ ಸಂಖ್ಯೆಯನ್ನೂ ಮುದ್ರಿಸುತ್ತಿದ್ದಾರೆ. ಚಿಕ್ಕ ಅಕ್ಷರಗಳ ಆ ಸಾಲು ಚಿತ್ರದಷ್ಟೇ ಬೆಲೆಯುಳ್ಳದ್ದು.

ಈ ವೃತ್ತಿಗೆ ಬರಬೇಕೆನ್ನುವ ಯುವಕ ಯುವತಿಯರು ಕೇಳುತ್ತಾರೆ, ದಾರಿ ಯಾವುದು ಎಂದು. ಹೆಚ್ಚಿನವರು ಜಾಹೀರಾತು ಸಂಸ್ಥೆಯಲ್ಲಿ ಕೈ ಪಳಗಿಸಿಕೊಂಡೇ ಬರುತ್ತಾರೆ, ಅದು ಒಳ್ಳೆಯದೇ: ಮೂವತ್ತು ಸೆಕೆಂಡಿನಲ್ಲಿ ಹೇಳಲು ಕಲಿಸುವ ಶಾಲೆ ಬೇರೆಲ್ಲೂ ಇಲ್ಲ. ಬಂದ ಮೇಲೆ ಮೂರು ವಿಷಯಗಳಲ್ಲಿ ಒಗ್ಗಿಕೊಳ್ಳಬೇಕು. ಸಂಬಳ ಕಡಿಮೆಯಾಗಬಹುದು. ಒಪ್ಪಿಗೆ ಕೊಡುವವರು ಹಲವರು. ಇಲಾಖೆ, ದಾನಿ ಸಂಸ್ಥೆ, ವೈದ್ಯರ ಸಮಿತಿ ಎಲ್ಲರೂ ಒಂದೊಂದು ವಾಕ್ಯ ಸೇರಿಸಲು ಬಯಸುತ್ತಾರೆ, ಅದನ್ನು ತಾಳ್ಮೆಯಿಂದ ತಡೆಯುವುದು ಕಲ್ಪನೆಯಷ್ಟೇ ದೊಡ್ಡ ಕೌಶಲ. ಮತ್ತು ಅಂಕಿಅಂಶ ಓದಲು ಬರಬೇಕು. ಎಷ್ಟು ಜನ ನೋಡಿದರು, ಎಷ್ಟು ಜನಕ್ಕೆ ನೆನಪಿದೆ, ಎಷ್ಟು ಜನ ಮಾಡಿದರು ಎಂಬ ಮೂರು ಸಂಖ್ಯೆಗಳ ನಡುವಿನ ಅಂತರವೇ ನಮ್ಮ ನಿಜವಾದ ಮಾರ್ಕ್ಸ್ ಕಾರ್ಡ್.

ರಾಧಾರಾಣಿ ಮಿತ್ರ ಅವರ ಮುಂದಿನ ಕೆಲಸವೇ ಇದಕ್ಕೆ ನಿದರ್ಶನ. ಬಿಹಾರದಲ್ಲಿ ಅವರ ತಂಡ ಆಶಾ ಕಾರ್ಯಕರ್ತೆಯರಿಗಾಗಿ 'ಮೊಬೈಲ್ ಕುಂಜಿ' ಎಂಬುದನ್ನು ರೂಪಿಸಿತು. ಒಂದು ಬಳೆಗೆ ಪೋಣಿಸಿದ ನಲವತ್ತು ಚಿತ್ರದ ಕಾರ್ಡುಗಳು, ಪ್ರತಿಯೊಂದರ ಮೇಲೂ ಒಂದು ಸಂಖ್ಯೆ. ಕಾರ್ಯಕರ್ತೆ ತನ್ನ ಸಾಮಾನ್ಯ ಫೋನಿನಲ್ಲಿ ಅದನ್ನು ಒತ್ತಿ ಗರ್ಭಿಣಿಯ ಕಿವಿಗೆ ಹಿಡಿದರೆ, ಡಾಕ್ಟರ್ ಅನಿತಾ ಎಂಬ ದನಿ ಮಾತಾಡುತ್ತದೆ. ಮನೆಯವರು ಆಶಾಳ ಮಾತಿಗೆ ಬೆಲೆ ಕೊಡದಿದ್ದರೂ ಡಾಕ್ಟರ ದನಿಗೆ ತಲೆದೂಗುತ್ತಾರೆ. ಆ ತೂಕ ಕ್ರಮೇಣ ಆಶಾಳಿಗೂ ಬರುತ್ತದೆ. ಅದೇ ಅನಿತಾ 'ಕಿಲ್ಕಾರಿ' ಎಂಬ ಫೋನ್ ಸಂದೇಶ ಸೇವೆಯಲ್ಲೂ ಇದ್ದಾಳೆ: ಗರ್ಭದ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆಗಳು. 2016ರಲ್ಲಿ ಕೇಂದ್ರ ಸರಕಾರ ಅದನ್ನು ಕೈಗೆತ್ತಿಕೊಂಡು ಹಲವು ರಾಜ್ಯಗಳಿಗೆ ಒಯ್ದಿತು.

ಮಧ್ಯಪ್ರದೇಶದಲ್ಲಿ ಇದರ ಪರಿಣಾಮವನ್ನು ಕಟ್ಟುನಿಟ್ಟಾಗಿ ಅಳೆದಾಗ ತಾತ್ಕಾಲಿಕ ಗರ್ಭನಿರೋಧಕಗಳ ಬಳಕೆ ಸ್ವಲ್ಪ ಹೆಚ್ಚಿದ್ದು ಕಂಡಿತು. ಎದೆಹಾಲು ಮಾತ್ರ ಕುಡಿಸುವ ಅಭ್ಯಾಸದಲ್ಲಿ ಬದಲಾವಣೆ ಕಾಣಲಿಲ್ಲ. ಇಷ್ಟು ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಇಂಥ ಫಲಿತಾಂಶ ಬಂದಾಗ ಮನಸ್ಸು ಕುಗ್ಗುತ್ತದೆ. ಆದರೆ ಇದು ಅಡಗಿಸಿಡುವ ಸುದ್ದಿಯಲ್ಲ, ಮುಂದಿನ ಬ್ರೀಫ್. ಅನೇಕ ಮನೆಗಳಲ್ಲಿ ಫೋನ್ ಇರುವುದು ಗಂಡನ ಜೇಬಿನಲ್ಲಿ, ಅವನು ಹಗಲೆಲ್ಲ ಹೊರಗಿರುತ್ತಾನೆ. ಹುಟ್ಟಿದ ಮಗುವಿಗೆ ಮೊದಲು ಜೇನು ನೆಕ್ಕಿಸುವವಳು ಅಜ್ಜಿ, ಅವಳ ಕಿವಿಗೆ ಅನಿತಾಳ ದನಿ ತಲುಪಿಲ್ಲ. ನನ್ನ ಕೈಗೆ ಕೊಟ್ಟರೆ ನಾನು ಇವರಿಬ್ಬರಿಂದ ಶುರು ಮಾಡುತ್ತೇನೆ: ಗಂಡ ಮನೆಯಲ್ಲಿರುವ ರಾತ್ರಿ ಎಂಟರ ಹೊತ್ತಿಗೆ ಕರೆ, ಸ್ಪೀಕರ್ ಹಾಕಿ ಎಲ್ಲರೂ ಕೇಳಿ ಎಂಬ ಮೊದಲ ಸಾಲು, ಮತ್ತು ಅಜ್ಜಿಯನ್ನು ಹೆಸರು ಹಿಡಿದು ಗೌರವದಿಂದ ಮಾತಾಡಿಸುವ ಒಂದು ಕಂತು.